ಹಾಸನದಲ್ಲಿ 21 ಕಿ.ಮೀ., ಮುಂದಿನ ಭಾನುವಾರವೇ ಚಿಕ್ಕಮಗಳೂರಲ್ಲಿ 30: ಹೊಸಬರು ಓಡಬಹುದಾ?

ಹೊಸಬೂಟು (ಹಾಸನ)
ಎಲ್ಲರಿಗೂ ನಮಸ್ಕಾರ. ಓಡೋಕೆ ಶುರು ಮಾಡಿ ಒಂದು ವರ್ಷವೂ ಆಗಿಲ್ಲ. ವಾರಕ್ಕೆ 30-35 ಕಿ.ಮೀ., ಒಂದೇ ಸಲ ಓಡಿದ್ದು ಹೆಚ್ಚೆಂದರೆ 18. ಈಗ ಹಾಸನದಲ್ಲಿ ಟಾರು ರಸ್ತೆ ಮೇಲೆ 21, ಅದಾದ ಏಳನೇ ದಿನಕ್ಕೆ ಚಿಕ್ಕಮಗಳೂರಿನ ಗಿರಿ ಕಡೆ ಕಾಫಿ ತೋಟದ ದಾರೀಲಿ 30. ಎರಡಕ್ಕೂ ದುಡ್ಡು ಕಟ್ಟಿಯಾಗಿದೆ. ಮೊದಲನೆಯದಕ್ಕೆ 2 ಗಂಟೆ 20 ನಿಮಿಷದ ಗುರಿ. ತೂಕ 68 ಕೆ.ಜಿ. ನಡುವೆ ಆರು ದಿನ ರೆಸ್ಟ್ ಸಾಕಾಗಲ್ವಾ?

ಗಿರಿಸಾಲು
ಸಾಕಾಗಲ್ಲ ಸರ್. ದೇಹದ ಎಲ್ಲ ಭಾಗವೂ ಒಟ್ಟಿಗೆ ಸುಧಾರಿಸಿಕೊಳ್ಳಲ್ಲ, ತೊಂದರೆ ಇರೋದೇ ಅಲ್ಲಿ. ಸರಿಯಾಗಿ ಊಟ ಮಾಡಿದರೆ ಸ್ನಾಯುಗಳಲ್ಲಿ ಖಾಲಿಯಾದ ಗ್ಲೈಕೋಜನ್ (ಸ್ನಾಯು ಕೂಡಿಟ್ಟುಕೊಳ್ಳೋ ಸಕ್ಕರೆ ರೂಪದ ಇಂಧನ) ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತೆ. ತೊಡೆ, ಮೀನಖಂಡದ ನೋವು ಎರಡನೇ ದಿನ ಜೋರಾಗಿದ್ದು, ಗುರುವಾರದ ಹೊತ್ತಿಗೆ ಕಡಿಮೆಯಾಗುತ್ತೆ. ಆಗ "ಆರಾಮಾಗಿದ್ದೀನಿ" ಅನ್ನಿಸುತ್ತೆ. ಆದರೆ ಸ್ನಾಯುವಿನ ಎಳೆಗಳು ಇನ್ನೂ ರಿಪೇರಿಯಲ್ಲೇ ಇರುತ್ತವೆ, ಸ್ನಾಯುರಜ್ಜು ಮತ್ತು ಎಲುಬು ಅದಕ್ಕಿಂತಲೂ ನಿಧಾನ. ನೋವು ಹೋದ ತಕ್ಷಣ ಶಕ್ತಿ ವಾಪಸ್ ಬಂತು ಅಂತಲ್ಲ.

ಓಡಿದ ಒಂದೊಂದು ಮೈಲಿಗೆ ಒಂದು ದಿನ ಜೋರಾಗಿ ಓಡಬೇಡಿ ಅಂತ ಹಳೇ ಓಟಗಾರರ ಲೆಕ್ಕ ಒಂದಿದೆ. 21 ಕಿ.ಮೀ. ಅಂದರೆ 13 ಮೈಲಿ, ಹತ್ತಿರ ಹತ್ತಿರ ಎರಡು ವಾರ. ಅಂದಾಜಿನ ಲೆಕ್ಕವೇ, ಆದರೂ ಹೊಸಬರಿಗೆ ಅದು ಹೆಚ್ಚೇನಲ್ಲ. ಇನ್ನು 30 ಅನ್ನೋದು ನಿಮ್ಮ ಇಡೀ ವಾರದ ಓಟ. 21 ಇಲ್ಲದಿದ್ದರೂ, 18ರಿಂದ ನೇರ 30ಕ್ಕೆ ಹೋಗಿ ಅಂತ ನಾನು ಹೇಳ್ತಿರಲಿಲ್ಲ.

ಕೆಮ್ಮಣ್ಣು
ಪೂರ್ತಿ ಬಿಡಬೇಕಾಗಿಲ್ಲ. ವಾರ ವಾರ ಓಡೋದು ತಪ್ಪಲ್ಲ, ವಾರ ವಾರ ರೇಸ್ ಮಾಡೋದು ತಪ್ಪು. ಎರಡನೆಯದರಲ್ಲಿ 10 ಕಿ.ಮೀ. ವಿಭಾಗ ಇದ್ದರೆ ಬದಲಾಯಿಸಿಕೊಡ್ತಾರಾ ಅಂತ ಆಯೋಜಕರನ್ನ ಈಗಲೇ ಕೇಳಿ. ಬಿಬ್ (ಎದೆಗೆ ಸಿಕ್ಕಿಸಿಕೊಳ್ಳೋ ನಂಬರ್ ಚೀಟಿ) ಪ್ರಿಂಟಿಗೆ ಹೋದಮೇಲೆ ಸಾಮಾನ್ಯವಾಗಿ ಒಪ್ಪಲ್ಲ.

ಇಲ್ಲಾಂದ್ರೆ ಹಾಸನದ್ದನ್ನೇ ತರಬೇತಿ ಓಟ ಮಾಡ್ಕೊಳ್ಳಿ. 2:20 ಅಂದರೆ ಕಿ.ಮೀ.ಗೆ 6:38. ಅದರ ಬದಲು 7:30ರಲ್ಲಿ, ಮಾತಾಡ್ತಾ ಹೋಗೋ ವೇಗದಲ್ಲಿ ಓಡಿದರೆ 2 ಗಂಟೆ 38 ನಿಮಿಷ ಆಗುತ್ತೆ. ಮೊದಲಿಂದಲೇ 8 ನಿಮಿಷ ಓಟ, 1 ನಿಮಿಷ ನಡಿಗೆ. ಸುಸ್ತಾದಮೇಲೆ ನಡೆಯೋದರಿಂದ ಅಷ್ಟು ಉಪಯೋಗ ಇಲ್ಲ. ಕಟ್‌ಆಫ್ (ಓಟ ಮುಗಿಸೋಕೆ ಇರೋ ಗಡುವು) ಎಷ್ಟು ಅಂತ ಮೊದಲೇ ನೋಡ್ಕೊಳ್ಳಿ. ಹೀಗೆ ಓಡಿದರೂ 30ಕ್ಕೆ ನನ್ನ ವೋಟು ಇಲ್ಲ, 10ಕ್ಕೆ ಮಾತ್ರ.

ನಡುವಿನ ವಾರ: ಸೋಮವಾರ, ಮಂಗಳವಾರ ಅರ್ಧ ಗಂಟೆ ನಡಿಗೆ. ಬುಧವಾರ ನೋವಿಲ್ಲದಿದ್ದರೆ 20-25 ನಿಮಿಷ ನಿಧಾನಕ್ಕೆ ಓಟ. ಗುರುವಾರ ರಜೆ. ಶುಕ್ರವಾರ 4 ಕಿ.ಮೀ., ಅಷ್ಟೇ. ತಪ್ಪಿಹೋದ ಕಿಲೋಮೀಟರುಗಳನ್ನ ಈ ವಾರವೇ ಸರಿದೂಗಿಸೋಕೆ ಹೋಗಬೇಡಿ.

ಹೊಸಬೂಟು
ಥ್ಯಾಂಕ್ಸ್ ಸರ್. ಒಂದು ಡೌಟು. ಗಿರಿ ಕಡೆ ಓಟದಲ್ಲಿ ಕೊನೇ ಅರ್ಧ ಇಳಿಜಾರೇ ಇದೆ. ಅದು ಸುಲಭ ಅಲ್ವಾ?

ಗಿರಿಸಾಲು
ಉಸಿರಿಗೆ ಸುಲಭ, ತೊಡೆಗೆ ಅಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಎಳೆಗಳು ಹೆಚ್ಚು ಹರಿಯೋದು ಆಗಲೇ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್, ಮುಳ್ಳಯ್ಯನಗಿರಿ ತುದಿ 1,930. ನಿಮ್ಮ ದಾರಿ ಅಷ್ಟು ಮೇಲೆ ಹೋಗದಿರಬಹುದು. 300-400 ಮೀಟರ್ ಇಳಿದರೂ ಹಿಂದಿನ ವಾರ ದಣಿದ ತೊಡೆ ಸುಮ್ಮನಿರಲ್ಲ. ತೊಡೆ ಕೈಕೊಟ್ಟಾಗ ಭಾರ ಮೊಣಕಾಲಿಗೆ ಬೀಳುತ್ತೆ, ಪಾದ ಎತ್ತೋದು ಕಡಿಮೆಯಾಗುತ್ತೆ. ತೋಟದ ದಾರೀಲಿ ಬೇರು, ಸಿಲ್ವರ್ ಓಕ್ ಎಲೆ, ಜಾರು ಮಣ್ಣು. ಮುಗ್ಗರಿಸೋದು, ಹರಡು ಉಳುಕೋದು ಕೊನೇ ಐದಾರು ಕಿಲೋಮೀಟರಲ್ಲೇ ಜಾಸ್ತಿ. ಇಳಿಯುವಾಗ ಹೆಜ್ಜೆ ಚಿಕ್ಕದು ಮಾಡಿ, ಹಿಂದಕ್ಕೆ ವಾಲಬೇಡಿ.

ಗುರುವಾರ ಒಂದು ಪರೀಕ್ಷೆ ಮಾಡಿ. ಕಂಬಿ ಹಿಡಿಯದೆ ಎರಡು ಮಹಡಿ ಮೆಟ್ಟಿಲು ಇಳಿಯಿರಿ, ಆಮೇಲೆ ಒಂದೊಂದು ಕಾಲಲ್ಲಿ ಹತ್ತು ಸಲ ಕುಪ್ಪಳಿಸಿ. ಅದರಲ್ಲಿ ನೋವಾದರೆ, ಇಲ್ಲ ಬೆಳಿಗ್ಗೆ ಏಳುವ ಮೊದಲಿನ ನಾಡಿ ನಿಮಿಷಕ್ಕೆ ಎಂದಿನದಕ್ಕಿಂತ ಏಳೆಂಟು ಬಡಿತ ಹೆಚ್ಚಿದ್ದರೆ ಇನ್ನೂ ಸುಧಾರಿಸಿಲ್ಲ ಅಂತ ಲೆಕ್ಕ. ಕಣಕಾಲಿನ ಎಲುಬಿನ ಮೇಲೆ ಒಂದೇ ಬೆರಳು ಇಡುವಷ್ಟು ಜಾಗದಲ್ಲಿ ಚುಚ್ಚಿದಂತೆ ನೋಯ್ತಿದ್ದರೆ ಓಟ ಬಿಟ್ಟು ಮೂಳೆ ಡಾಕ್ಟರ್ ಹತ್ರ ಹೋಗಿ. ಸೀಳು ಬಿಡೋದಕ್ಕೆ ಮುಂಚಿನ ಲಕ್ಷಣ ಇರಬಹುದು, ಶುರುವಿನ ಎಕ್ಸ್‌ರೇಲಿ ಎಷ್ಟೋ ಸಲ ಕಾಣಲ್ಲ.

ಬೆಳಗಿನಜಾವ
ಊಟದ ವಿಚಾರ ಯಾರೂ ಎತ್ತಲಿಲ್ಲ. ಓಡಿ ಬಂದ ಮೊದಲ ಮೂರ್ನಾಲ್ಕು ಗಂಟೆ, ಗಂಟೆಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್. 68 ಕೆ.ಜಿ.ಗೆ ಅದೇ ಲೆಕ್ಕ. ಬೆಂದ ಅನ್ನ 250 ಗ್ರಾಂ ತಿಂದರೆ ಅಷ್ಟಾಗುತ್ತೆ. ಜೊತೆಗೆ ಎರಡು ಮೊಟ್ಟೆ, ಇಲ್ಲ ಹೆಸರುಕಾಳು. ಓಟದ ಹಿಂದಿನ ರಾತ್ರಿ ಮುದ್ದೆ-ಬಸ್ಸಾರು ಬೇಡ. ನಾರು ಜಾಸ್ತಿ, ಬೆಳಿಗ್ಗೆ ಹೊಟ್ಟೆ ತಕರಾರು ಮಾಡುತ್ತೆ. (ಹಾಸನದವರಿಗೆ ಕಷ್ಟದ ಮಾತು, ಗೊತ್ತು.)

ನೋವು ತಡೆಯೋಕೆ ಓಟದ ಮುಂಚೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ನುಂಗೋರಿದ್ದಾರೆ. ಬೆವರಿ ನೀರು ಕಮ್ಮಿಯಾದಾಗ ಆ ಮಾತ್ರೆ ಕಿಡ್ನಿಗೆ ರಕ್ತ ಹೋಗೋದನ್ನ ಇನ್ನೂ ತಗ್ಗಿಸುತ್ತೆ. ಹಾಗಂತ ದಾರಿಯಲ್ಲಿ ನೀರು ಕೊಡೋ ಪ್ರತಿ ಸ್ಟೇಷನ್ನಲ್ಲೂ ಹೊಟ್ಟೆ ತುಂಬ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ. ನಿಧಾನವಾಗಿ ಓಡೋರಿಗೇ ಈ ಅಪಾಯ ಹೆಚ್ಚು. ಬಾಯಾರಿಕೆ ನೋಡ್ಕೊಂಡು ಕುಡಿಯಿರಿ. ಓಡಿದ ಮರುದಿನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಆಸ್ಪತ್ರೆಗೇ ಹೋಗಿ, ನಾಳೆ ನೋಡೋಣ ಅನ್ನಬೇಡಿ.

ಹೊಸಬೂಟು
10ಕ್ಕೆ ಬದಲಾಯಿಸೋಕೆ ಮೇಲ್ ಹಾಕಿದೆ. ಟಾರು ರಸ್ತೆಯ ಶೂನೇ ನಡೆಯುತ್ತಾ?

ಕೆಮ್ಮಣ್ಣು
ಒಣಗಿದ್ದರೆ ನಡೆಯುತ್ತೆ. ಹಿಂದಿನ ದಿನ ಮಳೆ ಬಂದಿದ್ದರೆ ಅಡಿ ನುಣುಪಿನ ಶೂ ಆ ಕೆಂಪು ಮಣ್ಣಲ್ಲಿ ನಿಲ್ಲಲ್ಲ, ಮುಳ್ಳಿರೋ ಟ್ರೇಲ್ ಶೂ ಬೇಕು. ಹೊಸದು ತಗೊಂಡರೆ ಮೊದಲು 20-30 ಕಿ.ಮೀ. ಹಾಕಿ ಓಡಿ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬಿಡಿ. ಇಲ್ಲಾಂದ್ರೆ ಇಳಿಜಾರಲ್ಲಿ ಉಗುರು ಕಪ್ಪಾಗುತ್ತೆ.