ಬೇಸ್‌ಮೆಂಟ್‌ಗೆ ಬೆಚ್ಚಗಿನ ಬಣ್ಣ ಯಾವುದು? ಮಾಡಿಸಿದವರು ಅನುಭವ ಹೇಳಿ

ಕೊಲಂಬಸ್ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ನಮ್ಮ ಬೇಸ್‌ಮೆಂಟ್ ಕೆಲಸ ಅರ್ಧ ಮುಗಿದಿದೆ. ಡ್ರೈವಾಲ್ (ಜಿಪ್ಸಮ್ ಹಲಗೆಯ ಗೋಡೆ) ಆಯಿತು, ಇನ್ನು ಪೇಂಟ್. ಸುಮಾರು 800 ಚದರಡಿ. ಉತ್ತರಕ್ಕೆ ಎರಡು ಪುಟ್ಟ ಕಿಟಕಿ, ಅಷ್ಟೆ. ನೆಲಕ್ಕೆ ಜೇನು ಬಣ್ಣದ ವಿನೈಲ್ ಪ್ಲ್ಯಾಂಕ್ ಬರುತ್ತದೆ. ಮೇಲಿನ ಮನೆಯೆಲ್ಲ ಬೂದು, ನೋಡಿ ನೋಡಿ ಸಾಕಾಗಿದೆ. ಕೆನೆ ಬಣ್ಣ ಹೊಡೆಸಲೋ, ಬೇಜ್ (ತಿಳಿ ಮರಳು ಬಣ್ಣ) ಹೊಡೆಸಲೋ, ಇಟ್ಟಿಗೆ ಕೆಂಪಿನ ಕಡೆ ಹೋಗಲೋ? ಜೂನ್‌ನಲ್ಲಿ ಅತ್ತೆ-ಮಾವ ಬರುತ್ತಾರೆ, ಅಷ್ಟರೊಳಗೆ ಮುಗಿಯಬೇಕು.

ಡೆಟ್ರಾಯಿಟ್ ದಾವಣಗೆರೆ:
ಕಣ್ಣು ಮುಚ್ಚಿಕೊಂಡು ಶೆರ್ವಿನ್ ವಿಲಿಯಮ್ಸ್ ಕಂಪನಿಯ ಆಕ್ಸೆಸಿಬಲ್ ಬೇಜ್ ಹೊಡೆಯಿರಿ. ನಂಬರ್ 7036, ಎಲ್‌ಆರ್‌ವಿ (ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಅಳತೆ) 58. ನಮ್ಮದೂ ಉತ್ತರದ ಕಿಟಕಿಯೇ. ಬಂದವರೆಲ್ಲ ‘ಅಚ್ಚ ಬಿಳಿ ಹೊಡೆಸಿ, ಬೆಳಕು ಜಾಸ್ತಿ ಕಾಣುತ್ತದೆ’ ಎಂದು ಬುದ್ಧಿ ಹೇಳಿದರು. ಬೆಳಕೇ ಬೀಳದ ಗೋಡೆಗೆ ಬಿಳಿ ಹೊಡೆದರೆ ಏನಾಗುತ್ತದೆ? ಮೂಲೆಯಲ್ಲೆಲ್ಲ ಮಂಕು ಬೂದು. ನಾನು ಯಾರ ಮಾತೂ ಕೇಳಲಿಲ್ಲ.

ಖರ್ಚು ಬರೆದುಕೊಳ್ಳಿ. ಪೇಂಟ್ 5 ಗ್ಯಾಲನ್, ಸೇಲ್‌ನಲ್ಲಿ ಗ್ಯಾಲನ್‌ಗೆ 52 ಡಾಲರ್, ಒಟ್ಟು 260. ಹೊಸ ಡ್ರೈವಾಲ್‌ಗೆ ಪೇಂಟ್‌ಗಿಂತ ಮೊದಲು ಬಳಿಯುವ ಪಿವಿಎ ಪ್ರೈಮರ್ 3 ಗ್ಯಾಲನ್, 66 ಡಾಲರ್. ರೋಲರ್, ಟೇಪ್, ನೆಲಕ್ಕೆ ಹಾಸುವ ಬಟ್ಟೆ ಸೇರಿ 54. ಎಲ್ಲ ಕೂಡಿ 380. ಕಂಟ್ರ್ಯಾಕ್ಟರ್ ಒಬ್ಬ ಇದೇ ಕೆಲಸಕ್ಕೆ 2,850 ಕೇಳಿದ್ದ. ಅದೂ ಪ್ರೈಮರ್ ಬಿಟ್ಟು! ಪ್ರೈಮರ್ ಬೇಡವಾ ಎಂದರೆ ‘ಪೇಂಟ್‌ನಲ್ಲೇ ಇರುತ್ತೆ ಸಾರ್’ ಎಂದ. ಹೊಸ ಡ್ರೈವಾಲ್ ಮೇಲೆ ನೇರ ಪೇಂಟ್ ಹೊಡೆದರೆ ಜಾಯಿಂಟ್ ಪಟ್ಟಿಗಳೆಲ್ಲ ಎದ್ದು ಕಾಣುತ್ತವೆ. ಗೊತ್ತಿಲ್ಲದವರಿಗೆ ಹೇಳಬೇಕು ಇದನ್ನೆಲ್ಲ.

ಎಡಿಸನ್ ಅಕ್ಕ:
ಬಣ್ಣ ಆಮೇಲೆ ನೋಡೋಣ. ಸಂಪ್ ಪಂಪ್‌ಗೆ (ಬೇಸ್‌ಮೆಂಟ್ ಗುಂಡಿಯ ನೀರು ಹೊರಹಾಕುವ ಪಂಪ್) ಬ್ಯಾಟರಿ ಬ್ಯಾಕಪ್ ಇದೆಯಾ, ಅದನ್ನು ಮೊದಲು ಹೇಳಮ್ಮ.

ನಮ್ಮ ಮನೆಯಲ್ಲಿ ಎಂಥ ಚೆಂದದ ಕೆನೆ ಬಣ್ಣ ಇತ್ತು! 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಬಾಲ ನ್ಯೂಜೆರ್ಸಿಗೆ ಬಡಿಯಿತು. ಕರೆಂಟ್ ಹೋಯಿತು. ಪಂಪ್ ನಿಂತಿತು. ಬೆಳಗ್ಗೆ ಇಳಿದು ನೋಡಿದರೆ ಮೆಟ್ಟಿಲಿನ ಕೆಳಗೆ ಮಕ್ಕಳ ಆಟದ ಸಾಮಾನು ತೇಲುತ್ತಿದೆ. ಡ್ರೈವಾಲ್ ನಾಲ್ಕು ಅಡಿ ಎತ್ತರದವರೆಗೆ ಕತ್ತರಿಸಿ ಎಸೆಯಬೇಕಾಯಿತು. ನೀರು ಏರಿದ್ದು ಒಂದೂವರೆ ಅಡಿ, ಆದರೆ ಡ್ರೈವಾಲ್ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಇನ್ಶೂರೆನ್ಸ್‌ನವರು ‘ವಾಟರ್ ಬ್ಯಾಕಪ್ ರೈಡರ್ ತೆಗೆದುಕೊಂಡಿಲ್ಲ’ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ) ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಂಡರು. ಒಣಗಿಸಲು 3,900, ಡ್ರೈವಾಲ್‌ಗೆ 4,600, ಕಾರ್ಪೆಟ್‌ಗೆ 2,300, ಪೇಂಟ್‌ಗೆ 600. ಒಟ್ಟು 11,400 ಡಾಲರ್. ಪೇಂಟ್ ಎಷ್ಟು ಅಂತ ಇನ್ನೊಂದು ಸಲ ನೋಡಿ.

ಡೆಟ್ರಾಯಿಟ್ ದಾವಣಗೆರೆ:
ಅಕ್ಕಾ, ಅವರು ಕೇಳಿದ್ದು ಬಣ್ಣ. ಪ್ರತಿಯೊಂದಕ್ಕೂ ನಿಮ್ಮ ಪ್ರವಾಹದ ಕಥೆ ಬೇಕಾ?

ಎಡಿಸನ್ ಅಕ್ಕ:
380 ಡಾಲರ್ ಲೆಕ್ಕ ಕೂತು ಬರೆದವರು ಇದನ್ನು ಹೇಳುತ್ತಿದ್ದೀರಿ. ಇರಲಿ. ನಿಮ್ಮ ಮನೆಯಲ್ಲಿ ಕಾಂಕ್ರೀಟ್ ಗೋಡೆ ಮೇಲೆ ತೇವದಿಂದ ಬರುವ ಬಿಳಿ ಉಪ್ಪು ಬಂದಿದೆಯಾ, ಡ್ರೈವಾಲ್ ಮುಚ್ಚುವ ಮೊದಲು ನೋಡಿದ್ದಿರಾ? ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಟ್ಟು ತೆಗೆದರೆ ತೇವ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಪುಕ್ಕಟೆ ಪರೀಕ್ಷೆ. ಯಾರೂ ಮಾಡುವುದಿಲ್ಲ.

ಷಿಕಾಗೋ ಶಿರಸಿ:
ಎಲ್ಲರೂ ತಿಳಿ ಬಣ್ಣ ತಿಳಿ ಬಣ್ಣ ಎನ್ನುತ್ತಿದ್ದೀರಿ. ಕತ್ತಲೆ ಕೋಣೆಗೆ ಗಾಢ ಬಣ್ಣವೇ ಸರಿ. ನಮ್ಮದು ಹೋಂ ಥಿಯೇಟರ್. ಮೂರು ಗೋಡೆ ಇಟ್ಟಿಗೆ ಕೆಂಪು, ಪರದೆ ಇರುವ ಗೋಡೆ ಮತ್ತು ಸೀಲಿಂಗ್ ಕಡುಗಪ್ಪು. ಪರದೆ ಹತ್ತಿರ ಕೆನೆ ಬಣ್ಣ ಇದ್ದರೆ ಆ ಬೆಳಕು ಹೊರಳಿ ಪರದೆ ಮೇಲೇ ಬಿದ್ದು ಚಿತ್ರವೆಲ್ಲ ಹಳದಿ ತಿರುಗುತ್ತದೆ. ಪ್ರೊಜೆಕ್ಟರ್ ಇರುವ ಯಾರನ್ನು ಬೇಕಾದರೂ ಕೇಳಿ.

ಇಟ್ಟಿಗೆ ಕೆಂಪು ಸಲೀಸಲ್ಲ ಅನ್ನುವುದು ನಿಜ. ಬಿಳಿ ಪ್ರೈಮರ್ ಮೇಲೆ ಎರಡು ಕೋಟ್ ಹೊಡೆದರೂ ಪಟ್ಟೆ ಪಟ್ಟೆ. ಅದಕ್ಕೆ ಬೂದು ಛಾಯೆಯ ಪ್ರೈಮರ್ ಬೇಕು. ಹೊಳಪಿಲ್ಲದ ಮ್ಯಾಟ್ ಪೇಂಟ್ ತೆಗೆದುಕೊಂಡಿದ್ದರಿಂದ ಮಗನ ಬೆರಳ ಗುರುತು ಇವತ್ತಿಗೂ ಸ್ವಿಚ್ ಪಕ್ಕದಲ್ಲಿದೆ. ಒರೆಸಿದರೆ ಆ ಜಾಗ ಹೊಳೆಯುತ್ತದೆ, ಬಿಟ್ಟರೆ ಕಪ್ಪು ಕಾಣುತ್ತದೆ. ಸ್ಪ್ರೇ ಮಷಿನ್ ಬಾಡಿಗೆ 110 ಡಾಲರ್, ಡೆಪಾಸಿಟ್ ಬೇರೆ. ಪೈಪು, ಡಕ್ಟು, ವೈರು ಎಲ್ಲಕ್ಕೂ ಕಪ್ಪು ಹೊಡೆದು ಮುಗಿಸುವಷ್ಟರಲ್ಲಿ ಮೂಗಿನೊಳಗೂ ಕಪ್ಪು. ಆದರೂ ಈಗ ತಲೆ ಎತ್ತಿದರೆ ಡಕ್ಟ್ ಇದೆ ಅಂತಲೇ ಅನ್ನಿಸುವುದಿಲ್ಲ.

ಡೆಟ್ರಾಯಿಟ್ ದಾವಣಗೆರೆ:
ಮನೆ ಮಾರುವಾಗ ಗೊತ್ತಾಗುತ್ತದೆ ಆ ಗುಹೆಯ ಬೆಲೆ.

ಷಿಕಾಗೋ ಶಿರಸಿ:
ನಾನು ಮಾರಲು ಕಟ್ಟಿಸಿಲ್ಲ ಸ್ವಾಮಿ, ಇರಲು ಕಟ್ಟಿಸಿದ್ದೇನೆ. ನೀವು ಮುಂದಿನವರಿಗೋಸ್ಕರ ಬೇಜ್ ನೋಡಿಕೊಂಡು ಕೂತಿರಿ.

ಪ್ಲೆಸಂಟನ್ ಪೇಂಟರ್ ಮಗ:
ನಮ್ಮಪ್ಪ ತುಮಕೂರಿನಲ್ಲಿ ಮೂವತ್ತು ವರ್ಷ ಪೇಂಟಿಂಗ್ ಗುತ್ತಿಗೆ ಮಾಡಿದವರು. ನನಗೆ ಬೇಸ್‌ಮೆಂಟ್ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಅದು ಅಪರೂಪ. ಆದರೆ ತಂಗಿಯ ಬೇಸ್‌ಮೆಂಟ್ ಕೆಲಸದಲ್ಲಿ ಪೂರ್ತಿ ಇದ್ದೆ. ಮೊದಲನೆಯದಾಗಿ, ಆಕ್ಸೆಸಿಬಲ್ ಬೇಜ್ ಹೆಸರಿಗೆ ಬೇಜ್, ಒಳಗೆ ಬೂದು ಇದೆ. ಇವರು ಬೂದು ಸಾಕಾಗಿದೆ ಎಂದೇ ಬರೆದಿದ್ದಾರಲ್ಲ, ಓದಲಿಲ್ಲವಾ?

ಬಣ್ಣ ಆರಿಸುವ ಮೊದಲು ಬಲ್ಬ್ ಆರಿಸಿ. ತಂಗಿ ಮನೆಯಲ್ಲಿ ಎಲೆಕ್ಟ್ರಿಷಿಯನ್ 5000 ಕೆಲ್ವಿನ್‌ನ (ಈ ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿ ಕಡೆ) ಕ್ಯಾನ್ ಲೈಟ್, ಅಂದರೆ ಸೀಲಿಂಗ್‌ನೊಳಗೆ ಕೂರುವ ದೀಪ, ಹಾಕಿ ಹೋಗಿದ್ದ. ಅಂಗಡಿಯಲ್ಲಿ ಬೆಣ್ಣೆಯ ಹಾಗೆ ಕಂಡ ಕೆನೆ ಬಣ್ಣ ಮನೆಗೆ ಬಂದರೆ ಹಸಿರು ಹೊಡೆಯುತ್ತಿತ್ತು. ಕ್ಯಾನ್ ಬದಲಾಯಿಸಲು ತಲಾ 28 ಡಾಲರ್, 14 ಲೈಟು, ಅಲ್ಲಿಗೆ 392. ಬೇಕಿದ್ದದ್ದು 2700 ಅಥವಾ 3000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90ಕ್ಕಿಂತ ಮೇಲೆ. ಇದನ್ನು ಮೊದಲೇ ಎಲೆಕ್ಟ್ರಿಷಿಯನ್‌ಗೆ ಬರೆದು ಕೊಟ್ಟಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಅವನು ‘ಬ್ರೈಟ್ ಇದೆ ಮೇಡಂ’ ಅಂದುಕೊಂಡು ಹೋದ.

ಇನ್ನೊಂದು, ಜೇನು ಬಣ್ಣದ ನೆಲ. ಗೋಡೆಯ ಕೆಳಭಾಗಕ್ಕೆ ಅದರ ಕಿತ್ತಳೆ ಬಡಿಯುತ್ತದೆ. ಕಿಲಿಮ್ ಬೇಜ್ ಥರದ್ದು ಹೊಡೆದರೆ ಪೀಚ್ ಹಣ್ಣಿನ ಕಡೆ ಜಾರುತ್ತದೆ. ತಿಳಿ ಕೆನೆ ತೆಗೆದುಕೊಳ್ಳಿ, ತುಸುವೇ ಹೊಳಪಿನ ಎಗ್‌ಶೆಲ್ ಫಿನಿಶ್. ಎರಡಡಿ ಹಲಗೆಗೆ ಎರಡು ಕೋಟ್ ಬಳಿದು, ನೆಲದ ಪ್ಲ್ಯಾಂಕ್ ಮೇಲೆ ನಿಲ್ಲಿಸಿ, ರಾತ್ರಿ ಲೈಟ್ ಹಾಕಿ ನೋಡಿ. ಗೋಡೆ ಮೇಲೆ ಅಲ್ಲಲ್ಲಿ ಬಳಿದು ನೋಡುವುದು ದಂಡ, ಪಕ್ಕದ ಬಿಳಿ ಪ್ರೈಮರ್ ಕಣ್ಣನ್ನು ಕೆಡಿಸುತ್ತದೆ.

ಡೆಟ್ರಾಯಿಟ್ ದಾವಣಗೆರೆ:
ಬೇಸ್‌ಮೆಂಟೇ ಇಲ್ಲದವರ ಪಾಠ. ನಮ್ಮ ಮನೆಗೆ ಬಂದು ನೋಡಿ ಆಮೇಲೆ ಬೂದು ಎನ್ನಿ.

ಮೈಸೂರು ಮಾವ:
ಅಮ್ಮಾ, ಬಣ್ಣದ ವಿಷಯ ನನಗೆ ತಿಳಿಯದು. ಆದರೆ ಅತ್ತೆ-ಮಾವ ಬರುತ್ತಾರೆ ಎಂದು ಓದಿ ಬರೆಯುತ್ತಿದ್ದೇನೆ. ಮಿನಿಯಾಪೊಲಿಸ್‌ನಲ್ಲಿ ಮಗ ನಮಗೆ ಬೇಸ್‌ಮೆಂಟ್‌ನಲ್ಲೇ ರೂಮ್ ಮಾಡಿಸಿದ್ದ. ಗೋಡೆಗೆ ಮಜ್ಜಿಗೆ ಹುಳಿ ಬಣ್ಣ, ಸೊಸೆ ಆಸೆಪಟ್ಟು ಹೊಡೆಸಿದ್ದು. ಚೆನ್ನಾಗಿಯೇ ಇತ್ತು. ಆದರೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಕೆಳಗಂತೂ ಮಧ್ಯಾಹ್ನವೇ ರಾತ್ರಿ. ನಮ್ಮವಳಿಗೆ ಮಂಡಿನೋವು. ಕಾಫಿಗೆ ಮೇಲೆ ಹತ್ತಿದರೆ ತಿಂಡಿ ಆಗುವವರೆಗೆ ಇಳಿಯುತ್ತಿರಲಿಲ್ಲ. ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಇಡೀ ರಾತ್ರಿ ಗುರ್ ಎನ್ನುತ್ತಿತ್ತು. ಮಗನಿಗೆ ಹೇಳಲಿಲ್ಲ.

ಎಡಿಸನ್ ಅಕ್ಕ:
ಹೌದು, ನಾನೂ ಕೇಳಬೇಕೆಂದಿದ್ದೆ. ವಯಸ್ಸಾದವರನ್ನು ಕೆಳಗೆ ಮಲಗಿಸುತ್ತೀರಾ?

ಷಿಕಾಗೋ ಶಿರಸಿ:
ಮಲಗಿಸುವುದಾದರೆ ಎಗ್ರೆಸ್ ಕಿಟಕಿ (ಬೆಂಕಿ ಬಿದ್ದರೆ ಹೊರಬರಲು) ಇರಲೇಬೇಕು. ಸಾಮಾನ್ಯ ಕೋಡ್ ಪ್ರಕಾರ ತೆರೆದಾಗ 5.7 ಚದರಡಿ ಜಾಗ (ನೆಲಮಟ್ಟದ ಅಥವಾ ಅದಕ್ಕಿಂತ ಕೆಳಗಿನ ಕಿಟಕಿಗೆ 5), ಕಿಟಕಿಯ ತಳ ನೆಲದಿಂದ 44 ಇಂಚಿಗಿಂತ ಎತ್ತರ ಇರಬಾರದು. ನಿಮ್ಮ ಪುಟ್ಟ ಕಿಟಕಿ ಸಾಲದು. ನನ್ನ ಸ್ನೇಹಿತ ಫೌಂಡೇಶನ್ ಕೊರೆಸಿ ಒಂದು ಮಾಡಿಸಿದ, 5,200 ಡಾಲರ್. ರೇಡಾನ್ (ನೆಲದಿಂದ ಬರುವ ವಿಕಿರಣ ಅನಿಲ) ಟೆಸ್ಟ್ ಕೂಡ ಮಾಡಿಸಿ, ಲೀಟರ್ ಗಾಳಿಗೆ 4 ಪಿಕೊಕ್ಯೂರಿ ಮುಟ್ಟಿದರೆ ಫ್ಯಾನ್ ಹಾಕಿಸಬೇಕು.

ಕೊಲಂಬಸ್ ಕನ್ನಡತಿ:
ಅಯ್ಯೋ, ಅತ್ತೆ-ಮಾವ ಮೇಲಿನ ರೂಮಿನಲ್ಲೇ ಇರುತ್ತಾರೆ! ಕೆಳಗೆ ಮಕ್ಕಳ ಆಟ, ಟಿವಿ ಅಷ್ಟೆ. ಬಲ್ಬ್ ನೋಡಿದೆ, 4000 ಇದೆ. ಬದಲಾಯಿಸುತ್ತೇನೆ. ಕೆನೆ ಅಂತ ಇಟ್ಟುಕೊಳ್ಳಲಾ ಹಾಗಾದರೆ?

ಡೆಟ್ರಾಯಿಟ್ ದಾವಣಗೆರೆ:
ನಿಮ್ಮಿಷ್ಟ. ಮಕ್ಕಳಿರುವ ಮನೆಗೆ ಕೆನೆ, ಆರು ತಿಂಗಳು ಬಿಟ್ಟು ಫೋಟೋ ಹಾಕಿ.

ಪ್ಲೆಸಂಟನ್ ಪೇಂಟರ್ ಮಗ:
ಎಗ್‌ಶೆಲ್ ಎಂದು ಹೇಳಿದ್ದು ಅದಕ್ಕೇ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಹೋಗುತ್ತದೆ.

ಷಿಕಾಗೋ ಶಿರಸಿ:
ಎಡಿಸನ್ ಅಕ್ಕಾ, ಇಲ್ಲಿ ನಾಳೆಯಿಂದ ಮೂರು ದಿನ ಮಳೆ ಅಂತೆ. ಆ ಬ್ಯಾಟರಿ ಬ್ಯಾಕಪ್ ಯಾವುದು ಹಾಕಿಸಿದಿರಿ?

ಎಡಿಸನ್ ಅಕ್ಕ:
ಈಗ ಬಂತಾ ದಾರಿಗೆ! ಕಂಪನಿ ಯಾವುದಾದರೂ ಆಗಲಿ, ಈಗಿರುವ ಪಂಪ್ ಪಕ್ಕದಲ್ಲೇ ಎರಡನೆಯ ಪಂಪ್ ಇರುವುದನ್ನು ತೆಗೆದುಕೊಳ್ಳಿ. ಬರೀ ಬ್ಯಾಟರಿ ಇದ್ದರೆ, ಪಂಪೇ ಕೆಟ್ಟಾಗ ಏನು ಮಾಡುತ್ತೀರಿ? ಬ್ಯಾಟರಿ ಡೀಪ್ ಸೈಕಲ್ (ಬಹಳ ಹೊತ್ತು ಕರೆಂಟ್ ಕೊಡುವಂಥದ್ದು) ಇರಲಿ, ಕಾರಿನದು ಹಾಕಬೇಡಿ. ನಮಗೆ ಎಲ್ಲ ಸೇರಿ 1,150 ಆಯಿತು. ಹಾಕಿದ ಮೇಲೆ ಪಂಪ್ ಗುಂಡಿಗೆ ಬಕೆಟ್‌ನಿಂದ ನೀರು ಸುರಿದು, ಮೊದಲ ಪಂಪ್‌ನ ಪ್ಲಗ್ ಕಿತ್ತು ನೋಡಿ.