ಅಪ್‌ಡೇಟ್: ರಜೆಗೆ ಯಾವ ಪುಸ್ತಕ ಓದಲಿ ಎಂದು ಕೇಳಿದ್ದೆನಲ್ಲ

ಏಪ್ರಿಲ್‌ನಲ್ಲಿ ಕೇಳಿದ್ದೆ: ಕೆಲಸಕ್ಕಲ್ಲ, ಪರೀಕ್ಷೆಗಲ್ಲ, ಸುಮ್ಮನೆ ಖುಷಿಗೆ ಓದೋಕೆ ಪುಸ್ತಕ ಹೇಗೆ ಆರಿಸೋದು ಅಂತ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನಾನು ಹನ್ನೆರಡು ಪುಸ್ತಕ ಪೇರಿಸಿಟ್ಟೆ. ಅದೇ ತಪ್ಪಾಯ್ತು. ಅರ್ಧಕ್ಕರ್ಧ 'ಓದಲೇಬೇಕಾದವು', ಅಂದ್ರೆ ಓದಿದ್ದೀನಿ ಅಂತ ಹೇಳಿಕೊಳ್ಳೋಕೆ ಬೇಕಾದವು. ಮೊದಲನೆಯದರಲ್ಲೇ ಮೂರು ವಾರ ತೆವಳಿದೆ.

ಕೈ ಹಿಡಿದದ್ದು ನಿಮ್ಮಲ್ಲೊಬ್ಬರು ಹೇಳಿದ 50 ಪುಟದ ಲೆಕ್ಕ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರದು: 50 ಪುಟ ಓದಿಯೂ ಹಿಡಿಸದಿದ್ದರೆ ಬಿಟ್ಟುಬಿಡಿ, ವಯಸ್ಸು 50 ದಾಟಿದ್ದರೆ ನೂರರಲ್ಲಿ ವಯಸ್ಸು ಕಳೆದು ಉಳಿದಷ್ಟು ಪುಟ ಸಾಕು. ನನಗೀಗ 57, ಹಾಗಾಗಿ 43. (ವಯಸ್ಸಾದದ್ದಕ್ಕೆ ಸಿಕ್ಕ ಮೊದಲ ರಿಯಾಯಿತಿ!) ನಾಲ್ಕು ಪುಸ್ತಕ ಬಿಟ್ಟೆ. ಮೊದಲನೆಯದಕ್ಕೆ ಮಾತ್ರ ಪಾಪಪ್ರಜ್ಞೆ ಕಾಡಿತು.

ಇನ್ನೊಂದು ಸಲಹೆ, ಮೊದಲ ಪುಟ ನಂಬದೆ ನಡುವೆ ಎಲ್ಲಾದರೂ ತೆರೆದು ಎರಡು ಪುಟ ಓದಿ ನೋಡೋದು, ಪ್ರವಾಸಕಥನ, ಪ್ರಬಂಧಗಳಿಗೆ ಚೆನ್ನಾಗಿ ಒಗ್ಗಿತು. ಪತ್ತೇದಾರಿಗೆ ಬೇಡವೇ ಬೇಡ. ಕೊಲೆಗಾರ ಯಾರಂತ ಅಲ್ಲೇ ಗೊತ್ತಾಗಿಹೋಯ್ತು.

ಒಟ್ಟು ಓದಿ ಮುಗಿಸಿದ್ದು ಐದು. ಅದರಲ್ಲಿ ಒಂದು, ಹೈಸ್ಕೂಲಿನಲ್ಲಿ ಓದಿದ್ದ ಅದೇ ಹಳೇ ಕಾದಂಬರಿ.