ಸಹಾಯ ಬೇಕು: ಅಮ್ಮನ ಹೃದಯದಲ್ಲಿ ಮಿಕ್ಸೋಮಾ ಗಡ್ಡೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಅಮ್ಮನಿಗೆ 54 ವರ್ಷ. ನಾಲ್ಕು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಇನ್ನೂ ಜಾಸ್ತಿ. ಮೊದಲು ಅಸ್ತಮಾ ಅಂತ ಇನ್‌ಹೇಲರ್ ಕೊಟ್ಟಿದ್ದರು. ಸುಮ್ನೆ ದಿನ ಹೋಯಿತು. ಮೊನ್ನೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದ ಎಡಭಾಗದ ಮೇಲಿನ ಕೋಣೆಯಲ್ಲಿ 4 ಸೆಂ.ಮೀ. ಗಡ್ಡೆ ಕಂಡಿತು. ಮಿಕ್ಸೋಮಾ ಇರಬೇಕು ಅಂದರು.

ಗಡ್ಡೆ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ಕ್ಯಾನ್ಸರ್ ಅಂತ ಅತ್ತುಬಿಟ್ಟರು. ಮಿಕ್ಸೋಮಾ ಕ್ಯಾನ್ಸರ್ ಅಲ್ಲವಂತೆ. ಆದರೆ ಅದರ ಚೂರು ಕಿತ್ತು ರಕ್ತದ ಜೊತೆ ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಮಾತ್ರೆಗೆ ಕರಗುವುದಿಲ್ಲ, ಓಪನ್ ಹಾರ್ಟ್ ಆಪರೇಷನ್ನೇ ಆಗಬೇಕು, ತಡ ಮಾಡಬೇಡಿ ಅಂದಿದ್ದಾರೆ. ನಾಳೆ ರಾತ್ರಿ ಬೆಂಗಳೂರಿನ ಜಯದೇವಕ್ಕೆ ಹೊರಡುತ್ತಿದ್ದೇವೆ.

ಈ ಆಪರೇಷನ್ ಆದವರು, ಅವರ ಮನೆಯವರು ಯಾರಾದರೂ ಇದ್ದೀರಾ? ಎಷ್ಟು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು? ಬಾಯಿಂದ ಟ್ಯೂಬ್ ಇಳಿಸಿ ಮಾಡುವ ಎಕೋ ತುಂಬಾ ನೋವಾ? ಅಮ್ಮನಿಗೆ ಆಪರೇಷನ್‌ಗಿಂತ ಅದರದ್ದೇ ಭಯ. ಬಿಪಿಎಲ್ ಕಾರ್ಡ್ ಇದೆ, ಜೊತೆಗೆ ಯಾವ ಕಾಗದ ತರಬೇಕು? ಅಪರೂಪಕ್ಕೆ ಇದು ಒಂದೇ ಮನೆಯಲ್ಲಿ ಹಲವರಿಗೆ ಬರುವುದೂ ಉಂಟಂತೆ. ನಾವು ಮಕ್ಕಳೂ ಎಕೋ ಮಾಡಿಸಬೇಕಾ?

ಅಮ್ಮನದು ಬಿ ನೆಗೆಟಿವ್ ರಕ್ತ. ಬೆಂಗಳೂರಿನಲ್ಲಿ ಕೊಡುವವರಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ, ಕೈಮುಗಿದು ಕೇಳುತ್ತಿದ್ದೇನೆ.